ಮೀನಿನ ಪಕ್ಕದ ಮಾಂಸ

ಬಾಲ್ತಸಾರನ ಮನೆಯಲ್ಲಿ ಯಾವುದನ್ನೇ ಆಗಲಿ, ಅವನು ಚಿತ್ರ ಬರೆದು ಮುಗಿಸಿದ ಮೇಲೆಯೇ ತಿನ್ನಬೇಕಿತ್ತು. ಅಡುಗೆಮನೆಯ ಮೇಜಿನ ಮೇಲೆ ಮೀನು, ಕಿತ್ತಳೆ, ಬೆಳ್ಳುಳ್ಳಿ, ರೊಟ್ಟಿ ಎಲ್ಲವನ್ನೂ ಜೋಡಿಸಿಟ್ಟು, ಬೇಗ ಕೆಡುವಂಥದ್ದನ್ನು ಮೊದಲು, ಕೆಡದೆ ಉಳಿಯುವಂಥದ್ದನ್ನು ಕೊನೆಗೆ ಬರೆಯುವುದು ಅವನ ಕ್ರಮ. ಮೀನು ಆಯಿತು ಎಂದು ಅವನು ಹೇಳಿದ ದಿನ ಮೀನು ಬಾಣಲೆಗೆ ಹೋಗುತ್ತಿತ್ತು, ಅಷ್ಟರೊಳಗೆ ನಾರದೆ ಉಳಿದಿದ್ದರೆ. ಟೊಲೆಡೊ ಪಟ್ಟಣದ ಬೇರೆ ಹೆಂಗಸರು ಪೇಟೆಗೆ ಹೋಗಿ, ಇವತ್ತು ಏನು ಅಡುಗೆ ಮಾಡಲಿ ಎಂದು ಯೋಚಿಸುತ್ತಿದ್ದರು. ಬಾಲ್ತಸಾರನ ಹೆಂಡತಿ ಕಿತೇರಿಯ ಗಂಡನ ಬೆನ್ನ ಹಿಂದೆ ನಿಂತು, ಕ್ಯಾನ್ವಾಸಿನ ಮೇಲೆ ಎಷ್ಟು ಬಣ್ಣ ಕೂತಿದೆ ಎಂದು ಇಣುಕಿ ನೋಡಿ ಒಲೆ ಹೊತ್ತಿಸುತ್ತಿದ್ದಳು. ಹದಿನಾಲ್ಕು ವರ್ಷ ಹೀಗೇ ಸಂಸಾರ ತೂಗಿಸಿದ್ದಳು.

ಆ ಚಳಿಗಾಲದಲ್ಲಿ ಅದೂ ಕೈಕೊಟ್ಟಿತು. ಎಂಟು ವರ್ಷದ ಮಗಳು ಒಲಾಯಳಿಗೆ ಕ್ರಿಸ್ಮಸ್ಸಿಗೆ ಮುಂಚೆ ಹತ್ತಿದ ಜ್ವರ ಮೂರು ವಾರ ಕಾಡಿ ಬಿಟ್ಟಿತ್ತು. ಬಿಟ್ಟಿತು ಅನ್ನುವುದೇ ಹೊರತು ಹುಡುಗಿ ಮೇಲೇಳಲಿಲ್ಲ. ಔಷಧಿ ಮಾರುವವನು ಬಂದು ಕಣ್ಣರೆಪ್ಪೆ ಎತ್ತಿ ನೋಡಿದ, ಕಾಲಿನ ಮಾಂಸ ಒತ್ತಿ ನೋಡಿದ, ತಂದ ಸೀಸೆಯನ್ನು ಮತ್ತೆ ಚೀಲಕ್ಕೆ ಹಾಕಿಕೊಂಡ. ಇವಳಿಗೆ ಬೇಕಾದ ಮದ್ದು ತನ್ನ ಅಂಗಡಿಯಲ್ಲಿಲ್ಲ, ರೊಟ್ಟಿ ಸುಡುವವನ ಅಂಗಡಿಯಲ್ಲಿದೆ, ದಿನಾ ಎರಡು ಹೊತ್ತು ಹೊಟ್ಟೆಗೆ ಬೀಳದಿದ್ದರೆ ಈ ಮಗು ವಸಂತ ಕಾಣುವುದಿಲ್ಲ ಎಂದು ಹೇಳಿ ಹೊರಟ. ಒಳ್ಳೆಯ ಮನುಷ್ಯ, ಸುಳ್ಳು ಹೇಳಿ ಸೀಸೆ ಮಾರಲಿಲ್ಲ. ಆದರೆ ಆ ಮಾತು ಕೇಳಿದ ಮೇಲೆ ಕಿತೇರಿಯಳ ಎದೆಯಲ್ಲಿ ಕಲ್ಲು ಕೂತಂತಾಯಿತು.

ದಾರಿ ಒಂದೇ ಒಂದಿತ್ತು. ಊರಿನ ದೊಡ್ಡ ದೇವಾಲಯವಾದ ಪ್ರಧಾನಾಲಯದ ಹಿರಿಯ ಪಾದ್ರಿಯೊಬ್ಬರ ಮನೆಯಲ್ಲಿ ಚೌಕಟ್ಟುಗಳಿಗೆ ಚಿನ್ನದ ರೇಕು ಹಚ್ಚುತ್ತಿದ್ದ ಮುದುಕ ತೀರಿಕೊಂಡಿದ್ದ. ಅವನಿಗೆ ಸಲ್ಲುತ್ತಿದ್ದ ಪಡಿಯ ಜಾಗ ಖಾಲಿಯಾಗಿತ್ತು: ದಿನಕ್ಕೆ ಎರಡು ರೊಟ್ಟಿ, ಒಂದು ಬೊಗಸೆ ಕಡಲೆ, ಎಣ್ಣೆ, ಮಾಂಸದ ದಿನ ಮಾಂಸ, ಉಪವಾಸದ ದಿನ ಉಪ್ಪುಮೀನು. ನನ್ನ ಊಟದ ಮನೆಗೆ ತಪಸ್ಸುಕಾಲದ ನಲವತ್ತು ಉಪವಾಸದ ದಿನಗಳಿಗೆ ಒಪ್ಪುವ ಚಿತ್ರ ಬೇಕು, ಅದು ಉಪವಾಸ ಶುರುವಾಗುವ ಬೂದಿ ಬುಧವಾರದ ಬೆಳಿಗ್ಗೆ ಗೋಡೆಯ ಮೇಲಿದ್ದರೆ ಆ ಪಡಿ ಬಾಲ್ತಸಾರನ ಮನೆಗೆ ಎಂದು ಪಾದ್ರಿಗಳು ಹೇಳಿಕಳಿಸಿದ್ದರು. ಇಲ್ಲದಿದ್ದರೆ ಸತ್ತ ಮುದುಕನ ಅಣ್ಣನ ಮಗನಿಗೆ. ಆ ಭೂಪ ಆಗಲೇ ಪಾದ್ರಿಗಳ ಅಡುಗೆಮನೆಯ ಮೆಟ್ಟಿಲ ಮೇಲೆ ತಳ ಊರಿದ್ದ.

ಪಾದ್ರಿಗಳ ಮನೆಯಿಂದಲೇ ಒಂದು ದೊಡ್ಡ ಕೆಂಪು ಮೀನು ಬಂತು, ಉತ್ತರದ ಸಮುದ್ರದಿಂದ ಹಿಮದಲ್ಲಿ ಹೂತು ಹೇಸರಗತ್ತೆಯ ಮೇಲೆ ಬಂದದ್ದು. ಬಾಲ್ತಸಾರ ಎರಡೂವರೆ ದಿನ ಎದ್ದು ನೀರು ಕುಡಿಯದೆ ಅದನ್ನು ಬರೆದ. ಅಂಥ ಮೀನನ್ನು ಅವನು ಹಿಂದೆಂದೂ ಬರೆದಿರಲಿಲ್ಲ. ಕಣ್ಣಿನ ಸುತ್ತ ಒದ್ದೆ, ಕಿವಿರಿನ ಅಂಚಿನಲ್ಲಿ ರಕ್ತದ ಎಳೆ, ಹೊಟ್ಟೆಯ ಹತ್ತಿರ ಮಾಸಿದ ಬೆಳ್ಳಿ. ಮೂರನೆಯ ದಿನ ಅದನ್ನು ಬೆಳ್ಳುಳ್ಳಿ ಹಾಕಿ ಬೇಯಿಸಿದರು. ಒಲಾಯ ಬೆನ್ನಿನ ಮೆತ್ತನೆಯ ಭಾಗ ಅಷ್ಟನ್ನೂ ತಿಂದು, ಎರಡು ತಿಂಗಳಲ್ಲಿ ಮೊದಲ ಸಲ ಕೂತು ಮಾತಾಡಿದಳು. ಆಮೇಲೆ ಕಿತ್ತಳೆ ಮುಗಿಯಿತು. ರೊಟ್ಟಿಗೆ ಎಂಟು ದಿನ ಕಾದರು. ಕಾದು ಕಾದು ಕಲ್ಲಾದ ಅದನ್ನು ಬೆಳ್ಳುಳ್ಳಿ ಸಾರಿನಲ್ಲಿ ನೆನೆಸಿ ಇನ್ನೆರಡು ದಿನ ತಳ್ಳಿದರು. ಕೊನೆಗೆ ಮೇಜಿನ ಮೇಲೆ ಉಳಿದದ್ದು ತಾಮ್ರದ ಪಾತ್ರೆ, ಮಣ್ಣಿನ ಹೂಜಿ, ಮತ್ತು ಆ ಹಂದಿಮಾಂಸ.

ಉಪ್ಪು ಹಾಕಿ ಒಣಗಿಸಿದ ತುಂಡು ಅದು. ಎರಡು ಅಂಗೈಯಷ್ಟು ಅಗಲ, ದಪ್ಪ ಕೊಬ್ಬು, ನಡುವೆ ಎರಡು ಕೆಂಪು ಪಟ್ಟೆ. ನಾಲ್ಕು ವರ್ಷದ ಹಿಂದಿನದು. ಕೊಬ್ಬು ಹಳದಿಗಟ್ಟಿ, ಹತ್ತಿರ ಹೋದರೆ ಮೂಗಿಗೆ ಹೊಡೆಯುವಷ್ಟು ಕಮಟಾಗಿತ್ತು. ಬಾಲ್ತಸಾರ ಮಾತ್ರ ಅದನ್ನು ನಿನ್ನೆ ತಂದದ್ದೆಂಬಂತೆ ಬೆಳ್ಳಗೆ ಬರೆಯುತ್ತಿದ್ದ. ಅವನ ಒಂದು ಚಿತ್ರವಾದರೂ ಹಂದಿಮಾಂಸವಿಲ್ಲದೆ ಮನೆಯಿಂದ ಹೊರಗೆ ಹೋದದ್ದಿಲ್ಲ. ಹೂವಿನ ಚಿತ್ರ ಕೇಳಿದವರಿಗೂ ಹೂದಾನಿಯ ಪಕ್ಕ ಒಂದು ತುಂಡು ಮಾಂಸ ಕೊಟ್ಟ ಮಹಾನುಭಾವ ಅವನು. ಚಿತ್ರವಿಲ್ಲದ ದಿನಗಳಲ್ಲಿ ಅದು ಬೀದಿ ಕಡೆಯ ಕಿಟಕಿಯಲ್ಲಿ ನೇತಾಡುತ್ತಿತ್ತು, ಎದುರು ಮನೆಯ ವಿಧವೆ ಬಸಿಲಿಸಳಿಗೆ ಚೆನ್ನಾಗಿ ಕಾಣುವ ಹಾಗೆ. ಜನವರಿಯಲ್ಲಿ ಹಸಿವು ತಡೆಯದೆ ಕಿತೇರಿಯ ಅದರ ಒಂದು ಸೀಳನ್ನು ಬೇಯಿಸಿ ಮಗಳಿಗೆ ಕೊಟ್ಟಿದ್ದಳು. ಮಗು ಎರಡು ದಿನ ವಾಂತಿ ಮಾಡಿ ಸಾಯುವ ಹಾಗಾಗಿತ್ತು. ಇನ್ನೂ ಕೇಳಿ: ಬಡವರ ಮನೆಗಳಿಗೆ ರೊಟ್ಟಿ, ಮೊಟ್ಟೆ ಹಂಚುವ ಧರ್ಮಸಂಘದವರು ಈ ಬೀದಿಗೂ ಬಂದರು. ತಲೆ ಎತ್ತಿ ಕಿಟಕಿ ನೋಡಿದರು, ಮಾಂಸ ತೂಗುಹಾಕಿಕೊಂಡವರಿಗೆ ಧರ್ಮವೇಕೆ ಎಂದು ಮುಂದಿನ ಮನೆಗೆ ಹೋದರು. ಕಿತೇರಿಯ ಮೆಟ್ಟಿಲಿಳಿದು ಓಡಿ ಕರೆದರೂ ನಿಲ್ಲಲಿಲ್ಲ.

ಬಾಲ್ತಸಾರನಿಗೆ ಆ ಮಾಂಸವೇ ಏಕೆ ಬೇಕು ಎಂಬುದು ಕಿತೇರಿಯಳೊಬ್ಬಳಿಗೆ ಗೊತ್ತಿತ್ತು. ಅವನ ಅಜ್ಜ ಬ್ಲಾಸ್ ದೂರದ ಒಂದು ಸಣ್ಣ ಊರಿನಲ್ಲಿ ಬಟ್ಟೆ ವ್ಯಾಪಾರ ಮಾಡಿಕೊಂಡಿದ್ದವನು. ಕೊಬ್ಬು ತಿಂದರೆ ಹೊಟ್ಟೆ ಉರಿಯುತ್ತದೆ ಎಂದು ಊಟದಲ್ಲಿ ಬಂದ ಹಂದಿಮಾಂಸವನ್ನು ತಟ್ಟೆಯ ಅಂಚಿಗೆ ಸರಿಸುತ್ತಿದ್ದ. ಮನೆಯ ಅಡುಗೆಯವಳು ಹೋಗಿ ಅದನ್ನು ಹೇಳಬಾರದ ಕಡೆ ಹೇಳಿದಳು. ಹಂದಿ ತಿನ್ನದಿರುವುದು ಯೆಹೂದಿಗಳ ಕಟ್ಟಳೆ. ಯೆಹೂದಿ ರಕ್ತ, ಒಳಗೊಳಗೇ ಹಳೆಯ ಧರ್ಮ ನಡೆಸುತ್ತಾನೆ ಎಂದು ಧರ್ಮವಿಚಾರಣೆಯ ನ್ಯಾಯಾಲಯದವರು ಒಯ್ದರು. ಮೂರು ವರ್ಷದ ಮೇಲೆ ಮರಳಿ ಬಂದಾಗ ಅವನ ಎಡಗೈ ಏಳುತ್ತಿರಲಿಲ್ಲ. ಅವಮಾನದ ಗುರುತಾಗಿ ಅವನಿಗೆ ತೊಡಿಸಿದ್ದ ಹಳದಿ ನಿಲುವಂಗಿಯನ್ನು ಹೆಸರು ಬರೆದು ಊರಿನ ದೇವಾಲಯದಲ್ಲಿ ನೇತುಹಾಕಿದರು. ನುಸಿ ತಿಂದು ಅದು ಹರಿದಾಗ ಹೊಸದನ್ನು ಹೊಲಿಸಿ ಹೆಸರನ್ನು ಮತ್ತೆ ಬರೆಸಿದರು. ಓದು ಕಲಿಯುತ್ತಿದ್ದ ಬಾಲ್ತಸಾರ ಮೊದಲ ಸಲ ಗಟ್ಟಿಯಾಗಿ ಓದಿದ ಹೆಸರು ಅದು, ಪೂಜೆಗೆ ಸೇರಿದ್ದ ಜನರೆಲ್ಲರ ನಡುವೆ. ಹದಿನೇಳಕ್ಕೆ ಊರು ಬಿಟ್ಟ, ತಾಯಿಯ ಮನೆತನದ ಹೆಸರು ಇಟ್ಟುಕೊಂಡ. ಒಲಾಯ ಹುಟ್ಟಿದ ವಾರ, ಬಾಗಿಲು ಕಿಟಕಿ ಹಾಕಿ, ಕಿತೇರಿಯಳ ಕಾಲ ಬಳಿ ಕೂತು ಇದೆಲ್ಲ ಹೇಳಿ ಅತ್ತಿದ್ದ. ಅವತ್ತು ಅವಳಿಗೆ ಅವನ ಮೇಲೆ ಬಂದ ಮರುಕ ಮದುವೆಯ ಪ್ರೀತಿಗಿಂತ ದೊಡ್ಡದಾಗಿತ್ತು. ಮುಂದೆ ಆ ಮಾತನ್ನು ಅವಳು ಪಾಪನಿವೇದನೆಯಲ್ಲೂ ಬಾಯಿಬಿಡಲಿಲ್ಲ.

ಬೂದಿ ಬುಧವಾರಕ್ಕೆ ಮೂರು ದಿನ ಮುಂಚೆ, ಭಾನುವಾರ, ಪಾದ್ರಿಗಳ ಪಾರುಪತ್ಯಗಾರ ಡಾನ್ ಲಿಯಾಂದ್ರೊ ಚಿತ್ರ ನೋಡಲು ಬಂದ. ದಪ್ಪ ಆಸಾಮಿ, ಸದಾ ನಗು, ನಿಮಿಷಕ್ಕೊಮ್ಮೆ ನಶ್ಯ. ಆ ನಶ್ಯ ಏರಿಸಿ ಏರಿಸಿ ಅವನ ಮೂಗಿಗೆ ವಾಸನೆಯೇ ತಿಳಿಯುತ್ತಿರಲಿಲ್ಲ, ತಾನೇ ಹೇಳಿಕೊಂಡು ನಗುತ್ತಿದ್ದ. ಚಿತ್ರದ ಮುಂದೆ ನಿಂತು ಮೂಲೆಯಿಂದ ಮೂಲೆಗೆ ಕಣ್ಣಾಡಿಸಿದ. ಪಾದ್ರಿಗಳ ಮನೆಯಲ್ಲಿ ಮೂವತ್ತು ವರ್ಷ ಚಿತ್ರಗಳ ಧೂಳು ಒರೆಸಿಸಿ ಅವನಿಗೂ ಕಣ್ಣು ಪಳಗಿತ್ತು. ಮೀನನ್ನು ನೋಡಿ, ಇದು ಈಗಲೋ ಆಗಲೋ ಬಾಲ ಬಡಿಯುತ್ತದೆ ಎಂದ. ಆಮೇಲೆ ಅವನ ಬೆರಳು ಮೀನಿನ ಪಕ್ಕಕ್ಕೆ ಸರಿಯಿತು.

"ಈ ಮಾಂಸ ಇಲ್ಲೇನು ಮಾಡ್ತಿದೆ ಬಾಲ್ತಸಾರ್ ಅವರೇ?"

ಪಾದ್ರಿಗಳು ಮಾಂಸ ತಿನ್ನಲು ಪರವಾನಗಿ ಪತ್ರ ಇರುವವರಲ್ಲವೇ, ತಪಸ್ಸುಕಾಲದಲ್ಲೂ ಅವರ ಮನೆಯಲ್ಲಿ ಮಾಂಸ ಬೇಯುತ್ತದಲ್ಲವೇ ಎಂದು ಬಾಲ್ತಸಾರ ತಡವರಿಸಿದ.

"ಬೇಯತ್ತೆ, ಬೇಯತ್ತೆ. ಮಾಂಸ ತಿನ್ನೋ ದಿನ ಮಾಂಸ, ಮೀನು ತಿನ್ನೋ ದಿನ ಮೀನು. ಎರಡೂ ಒಂದೇ ಊಟದಲ್ಲಿ ಕೂಡದು ಅಂತ ಪೋಪರ ಹೊಸ ಅಪ್ಪಣೆ ಬಂದಿದೆಯಲ್ಲ, ನಿಮ್ಮ ಬೀದೀಲಿ ಓದಿ ಹೇಳ್ಲಿಲ್ವಾ? ಅದನ್ನ ಊರಿಗೆಲ್ಲ ಉಪದೇಶ ಮಾಡ್ತಿರೋರು ನಮ್ಮ ಗುರುಗಳೇ. ಅವರು ಉಪವಾಸದ ಊಟಕ್ಕೆ ಕೂತು ತಲೆ ಎತ್ತಿದ್ರೆ ಗೋಡೆ ಮೇಲೆ ಮೀನು, ಮಾಂಸ ಒಂದೇ ಮೇಜಲ್ಲಿ. ಬಂದ ಅತಿಥಿಗಳು ಕರವಸ್ತ್ರದಲ್ಲಿ ಬಾಯಿ ಮುಚ್ಕೊಂಡು ನಗ್ತಾರೆ."

ಮಾಂಸ ತೆಗೆದುಬಿಡಿ, ನಿಮಗೆ ಅರ್ಧ ದಿನದ ಕೆಲಸ, ಮಂಗಳವಾರ ಮಧ್ಯಾಹ್ನ ಬಂದು ಒಯ್ಯುತ್ತೇನೆ ಎಂದು ಹೇಳಿ ಡಾನ್ ಲಿಯಾಂದ್ರೊ ಇಳಿದುಹೋದ. ಹೋಗುತ್ತ, ಪಡಿಯ ಪಟ್ಟಿಯಲ್ಲಿ ಹೆಸರಿನ ಜಾಗ ಬಿಟ್ಟಿಟ್ಟಿದ್ದೇನೆ ಎಂದೂ ಹೇಳಿದ. ಬಾಲ್ತಸಾರ ಬಾಗಿಲವರೆಗೆ ಬಗ್ಗಿ ಬಗ್ಗಿ ಕಳಿಸಿಬಂದು ಮೇಜಿನ ಮುಂದೆ ಕುಸಿದ.

ಕಿತೇರಿಯಳಿಗೆ ಜೀವ ಬಂದಂತಾಗಿತ್ತು. ಅರ್ಧ ದಿನದ ಕೆಲಸ ತಾನೇ, ಕಂದು ಬಣ್ಣ ಅರೆದುಕೊಡಲೇ ಎಂದು ಕೇಳಿದಳು. ಬಣ್ಣ ಅರೆಯುವುದು, ಅಗಸೆ ಎಣ್ಣೆ ಕಲಸುವುದು, ಕ್ಯಾನ್ವಾಸಿಗೆ ಅಂಟು ಹಚ್ಚುವುದು ಎಲ್ಲ ಅವಳದೇ ಕೆಲಸವಾಗಿತ್ತು.

"ನಾನು ತೆಗೆಯಲ್ಲ," ಅಂದ ಬಾಲ್ತಸಾರ.

"ತೆಗೀದಿದ್ರೆ ಪಡಿ ಇಲ್ಲ. ಕೇಳಿಸ್ತಲ್ಲ ನಿಮಗೂ."

"ತೆಗೆದ್ರೆ ನಾಳೆ ಏನಂತಾರೆ ಗೊತ್ತೇನೇ? ಬಾಲ್ತಸಾರ ಹಂದಿಮಾಂಸ ತೆಗೆದುಬಿಟ್ಟ ಅಂತಾರೆ. ಇದೇ ಮಾತು. ನಮ್ಮ ತಾತನಿಗೂ ಇದೇ ಮಾತು ಹೇಳಿದ್ದು. ಯಾರಿಗೆ ಗೊತ್ತು, ಪರೀಕ್ಷೆ ಮಾಡೋಕೇ ಹೇಳಿರಬೋದು ಆ ಮನುಷ್ಯ. ತೆಗೀತಾನೋ ಇಲ್ವೋ ನೋಡೋಣ ಅಂತ."

ತೆಗೆಯಬೇಡಿ, ಮೇಲೊಂದು ಬಟ್ಟೆ ಮುಚ್ಚಿದಂತೆ ಬರೆದುಬಿಡಿ ಎಂದು ಅವಳು ದಾರಿ ತೋರಿಸಿದಳು. ಅವನು ನಕ್ಕ, ನಗೆಯೇ ಅಲ್ಲದ ನಗೆ. ಬಟ್ಟೆ ಕೆಳಗೆ ಬಚ್ಚಿಟ್ಟ ಅನ್ನುವುದಕ್ಕಾ, ಅದು ಇನ್ನೂ ಚೆನ್ನಾಯಿತು ಎಂದ. ಹಾಗಾದರೆ ಮೀನನ್ನು ತೆಗೆಯಿರಿ ಎಂದಳು. ಉಪವಾಸದ ನಲವತ್ತು ದಿನಕ್ಕೆ ಬರಿಯ ಮಾಂಸದ ಚಿತ್ರ ಕೊಡಲೇ ಎಂದ. ಯಾವ ಕಡೆಯಿಂದ ಹೋದರೂ ಗೋಡೆ. ಸೋಮವಾರವಿಡೀ ಅವನು ಕುಂಚವನ್ನು ಕೈಗೆತ್ತಿಕೊಳ್ಳಲಿಲ್ಲ. ಚಿತ್ರದ ಮುಂದೆ ಕೂತು ಉಗುರು ಕಚ್ಚುತ್ತಿದ್ದ. ಬೀದಿಯಲ್ಲಿ ತಪಸ್ಸುಕಾಲಕ್ಕೆ ಮುಂಚಿನ ಮೋಜಿನ ಜನ ಮುಖವಾಡ ಹಾಕಿಕೊಂಡು ಕೂಗುತ್ತ ಹೋಗುವಾಗೆಲ್ಲ ಬೆಚ್ಚಿಬೀಳುತ್ತಿದ್ದ.

ಕಿತೇರಿಯಳಿಗೆ ಅವನ ಭಯ ಅರ್ಥವಾಗುತ್ತಿತ್ತು. ಅರ್ಥವಾಗಿಯೂ ಸಿಟ್ಟು ನೆತ್ತಿಗೇರುತ್ತಿತ್ತು. ಐವತ್ತು ವರ್ಷದ ಹಿಂದೆ ಸತ್ತವನ ತಟ್ಟೆಯ ಮಾಂಸಕ್ಕಾಗಿ ಕಣ್ಣೆದುರು ಇರುವ ಮಗು ಸಾಯಬೇಕೇ ಎಂದು ಕೇಳಬೇಕು ಅನ್ನಿಸಿತು. ಕೇಳಲಿಲ್ಲ. ಅಂಥ ಮಾತು ಒಮ್ಮೆ ಬಾಯಿಂದ ಬಿದ್ದರೆ ಅವನು ಇನ್ನಷ್ಟು ಒಳಗೆ ಸೇರಿಕೊಳ್ಳುವ ಮನುಷ್ಯ ಎಂದು ಅವಳಿಗೆ ಗೊತ್ತಿತ್ತು.

ಮಂಗಳವಾರ ಬೆಳಿಗ್ಗೆ ಒಲಾಯ ಏಳಲಿಲ್ಲ. ಒಲೆಯ ಪಕ್ಕದ ಹಾಸಿಗೆಯಲ್ಲಿ ಕಣ್ಣು ಬಿಟ್ಟುಕೊಂಡೇ ಇದ್ದಳು. ಭಾನುವಾರದಿಂದ ಅವಳ ಹೊಟ್ಟೆಗೆ ಹೋದದ್ದು ಬಿಸಿನೀರಿನಲ್ಲಿ ಕದಡಿದ ಒಂದು ಚಮಚ ಹಿಟ್ಟು, ಅದೂ ಬಸಿಲಿಸ ಕೊಟ್ಟದ್ದು. ಒಸಡಿನಿಂದ ರಕ್ತ ಒಸರಿ ತುಟಿ ಅಂಟಿಕೊಂಡಿತ್ತು. ಕಿತೇರಿಯ ಒದ್ದೆ ಬಟ್ಟೆಯಿಂದ ಒರೆಸುವಾಗ ಮಗು ಆ ಬಟ್ಟೆಯನ್ನೇ ಚೀಪಿತು. ಬಾಲ್ತಸಾರ ಅದನ್ನು ನೋಡಿದ, ಮುಖ ತಿರುಗಿಸಿದ, ಟೊಪ್ಪಿ ಹಾಕಿಕೊಂಡ. ದೇವಾಲಯದಲ್ಲಿ ಪರಮಪ್ರಸಾದದ ಆರಾಧನೆ ಇದೆ, ಪ್ರಾರ್ಥನೆ ಮಾಡಿ ಬರುತ್ತೇನೆ, ದೇವರೇ ಏನಾದರೂ ದಾರಿ ತೋರಿಸುತ್ತಾನೆ ಎಂದು ಹೇಳಿ ಹೊರಟುಹೋದ.

ಅವನ ಹೆಜ್ಜೆ ಬೀದಿಗಿಳಿದದ್ದೇ ಕಿತೇರಿಯ ಬಾಗಿಲಿಗೆ ಅಗುಳಿ ಹಾಕಿದಳು. ಕಲ್ಲಿನ ಮೇಲೆ ಕಂದು ಮಣ್ಣನ್ನು ಅರೆದಳು, ಒಂದಿಷ್ಟು ಕಪ್ಪು ಸೇರಿಸಿದಳು, ಬೇಗ ಆರಲೆಂದು ಎಣ್ಣೆ ಕಡಿಮೆ ಮಾಡಿದಳು. ಚಿತ್ರದ ಹಿಂಬದಿಯ ಗೋಡೆಯ ಬಣ್ಣ ಯಾವುದೆಂದು ಅವಳಿಗೆ ಯಾರೂ ಹೇಳಬೇಕಿರಲಿಲ್ಲ, ಅದನ್ನು ಅರೆದುಕೊಟ್ಟವಳೇ ಅವಳು. ಅಗಲವಾದ ಕುಂಚ ತೆಗೆದುಕೊಂಡು ಮಾಂಸದ ಮೇಲೆ ಮೊದಲ ಗೆರೆ ಎಳೆದಳು. ಬಿಳಿ ಕೊಬ್ಬು ಹೋಯಿತು, ಕೆಂಪು ಪಟ್ಟೆಗಳು ಹೋದವು. ಗೋಡೆ ಮುಂದೆ ಬಂತು, ಕೆಳಗೆ ಮೇಜಿನ ಹಲಗೆ ಕೂಡಿಕೊಂಡಿತು. ಮೀನು ಈಗ ಒಂದೇ ಮಲಗಿತ್ತು, ಮೊದಲಿಗಿಂತ ದೊಡ್ಡದಾಗಿ ಕಾಣುತ್ತಿತ್ತು. ಹಿಂದೆ ಸರಿದು ನೋಡಿ, ಇದು ಚೆನ್ನಾಗಿಯೇ ಇದೆ ಅಂದುಕೊಂಡಳು. ಹದಿನಾಲ್ಕು ವರ್ಷದಲ್ಲಿ ಅವನ ಚಿತ್ರದಲ್ಲಿ ಹಂದಿಮಾಂಸವಿಲ್ಲದ ಮೇಜನ್ನು ಅವಳು ನೋಡಿದ್ದು ಅದೇ ಮೊದಲು.

ಮಧ್ಯಾಹ್ನ ಅವಳು ಅಗುಳಿ ತೆಗೆದಾಗ ಬಾಲ್ತಸಾರ ಚಿತ್ರ ನೋಡಿ ಬಾಗಿಲಲ್ಲೇ ನಿಂತ. ಕೂಗಾಡಲಿಲ್ಲ. ಮುಖದ ರಕ್ತವೆಲ್ಲ ಇಳಿದುಹೋಯಿತು. ಯಾಕೆ ಹೀಗೆ ಮಾಡಿದೆ ಎಂದು ಕೇಳಲೂ ಇಲ್ಲ, ಸೀದಾ ಹೋಗಿ ಬಿಳಿ ಬಣ್ಣದ ಬಟ್ಟಲು ಹುಡುಕತೊಡಗಿದ. ಮತ್ತೆ ಬರೆಯುತ್ತೇನೆ, ಒಂದು ಗಂಟೆ ಸಾಕು ಎಂದು ಗೊಣಗುತ್ತಿದ್ದ. ಕಿತೇರಿಯ ಚಿತ್ರಕ್ಕೂ ಅವನಿಗೂ ನಡುವೆ ಬಂದು ನಿಂತಳು.

"ನನ್ನನ್ನ ತಳ್ಳಿ ಹೋಗಿ ಬರೀರಿ. ತಳ್ತೀರಾ?"

ಅವನು ತಳ್ಳಲಿಲ್ಲ. ಬಟ್ಟಲು ಹಿಡಿದು ನಿಂತೇ ಇದ್ದ. ಅಷ್ಟರಲ್ಲಿ ಮೆಟ್ಟಿಲ ಮೇಲೆ ಭಾರದ ಹೆಜ್ಜೆ, ಜೊತೆಗೆ ಸೀನು ಕೇಳಿಸಿತು.

ಡಾನ್ ಲಿಯಾಂದ್ರೊ ಒಳ್ಳೆಯ ಹುರುಪಿನಲ್ಲಿದ್ದ. ತಪಸ್ಸುಕಾಲ ಕಾಲಿಡುವ ಮುಂಚಿನ ಭರ್ಜರಿ ಊಟ ಮುಗಿಸಿ ಬಂದಿದ್ದ. ಚಿತ್ರ ನೋಡಿದೊಡನೆ, ಆಹಾ, ಇದು ಊಟದ ಮನೆಯ ಚಿತ್ರ, ಗುರುಗಳು ಮೆಚ್ಚುತ್ತಾರೆ ಎಂದ. ಕೆಳಗೆ ಗಾಡಿ ಇದೆ, ಒದ್ದೆ ಜಾಗ ಮುಟ್ಟದಂತೆ ಒಯ್ಯುತ್ತೇವೆ, ನಾಳೆ ಬೆಳಿಗ್ಗೆಯೇ ಅಡುಗೆಮನೆ ಬಾಗಿಲಿಗೆ ಯಾರನ್ನಾದರೂ ಕಳಿಸಿ ಎಂದ. ಕಿತೇರಿಯ ಮೇಜಿನ ಅಂಚು ಹಿಡಿದುಕೊಂಡಳು. ನಾಳೆ ಬೆಳಿಗ್ಗೆ ಅನ್ನುವ ಎರಡೇ ಪದ ಅವಳ ಕಿವಿಯಲ್ಲಿ ತಿರುಗುತ್ತಿದ್ದವು.

ಆಗ ಡಾನ್ ಲಿಯಾಂದ್ರೊ ಚಿತ್ರಕ್ಕೆ ಮೂಗು ತಾಗುವಷ್ಟು ಬಗ್ಗಿದ. ತಾಮ್ರದ ಪಾತ್ರೆಯ ಹೊಟ್ಟೆಯ ಮೇಲೆ ಒಂದು ಬಿಳಿಯ ಹೊಳಪು, ಅದರೊಳಗೆ ಎರಡು ಸಣ್ಣ ಕೆಂಪು ಎಳೆ. ಪಕ್ಕದಲ್ಲಿದ್ದ ಮಾಂಸ ಪಾತ್ರೆಯಲ್ಲಿ ಕಂಡದ್ದನ್ನು ಬಾಲ್ತಸಾರ ಬರೆದಿದ್ದ. ಕಿತೇರಿಯ ಮಾಂಸವನ್ನು ಅಳಿಸಿದ್ದಳು, ಪಾತ್ರೆಯೊಳಗಿನ ಮಾಂಸ ಅವಳಿಗೆ ಹೊಳೆದಿರಲಿಲ್ಲ.

"ಇದೇನು ತಮಾಷೆ. ಮಾಂಸ ಹೋಗಿದೆ, ತಾಮ್ರದಲ್ಲಿ ಅದರ ಬಿಂಬ ಇನ್ನೂ ಕೂತಿದೆ." ಅವನು ತಿರುಗಿ ನಗುತ್ತ ಕೇಳಿದ. "ನೀವು ಇಂಥ ತಪ್ಪು ಮಾಡೋರಲ್ಲ. ಮಾಂಸ ತೆಗೆದ ಕೈ ಯಾರದು?"

ಚಿತ್ರ ಬಲ್ಲವನೊಬ್ಬ ಕುತೂಹಲಕ್ಕೆ ಕೇಳಿದ ಮಾತು, ಅಷ್ಟೇ. ಶಿಷ್ಯನದು ಎಂದಿದ್ದರೆ ಮುಗಿಯುತ್ತಿತ್ತು. ಅವಸರದಲ್ಲಿ ಕಣ್ತಪ್ಪಿತು ಎಂದಿದ್ದರೂ ಮುಗಿಯುತ್ತಿತ್ತು. ಕಿತೇರಿಯ ಗಂಡನ ಮುಖ ನೋಡಿದಳು. ಆ ಮುಖ ಅವಳಿಗೆ ಗುರುತಿನದಾಗಿರಲಿಲ್ಲ.

"ನಾನು ತೆಗೀಲಿಲ್ಲ ಸ್ವಾಮಿ," ಅಂದ ಬಾಲ್ತಸಾರ. "ನಾನು ಹಂದಿಮಾಂಸ ಇಟ್ಟಿದ್ದೆ. ಎಲ್ಲಾ ಚಿತ್ರದಲ್ಲೂ ಇಡ್ತೀನಿ, ಯಾರನ್ನ ಬೇಕಾದ್ರೂ ಕೇಳಿ. ನಾನು ದೇವಾಲಯದಲ್ಲಿದ್ದೆ. ತೆಗೆದವಳು ಇವಳು."

ಯಾರೂ ಮುಂದೆ ಏನೂ ಕೇಳಿರಲಿಲ್ಲ. ಆದರೂ ಅವನ ಬಾಯಿ ನಿಲ್ಲಲಿಲ್ಲ.

"ಇವಳ ತಾಯಿ ಕಡೆಯವರು ಎಂಥವರು ಅಂತ ನನಗೂ ಸರಿಯಾಗಿ ಗೊತ್ತಿಲ್ಲ. ಪೋರ್ಚುಗಲ್ ಗಡಿಯವರು ಅಂತಾರೆ."

ನಶ್ಯ ಹಿಡಿದ ಡಾನ್ ಲಿಯಾಂದ್ರೊನ ಬೆರಳು ಗಾಳಿಯಲ್ಲೇ ನಿಂತಿತು. ಪೋರ್ಚುಗಲ್ ಎಂಬ ಒಂದು ಹೆಸರು ಸಾಕಿತ್ತು. ಅಲ್ಲಿಂದ ಬಂದವರೆಲ್ಲ ಮತಾಂತರವಾದ ಯೆಹೂದಿಗಳು ಎಂದೇ ಊರಿನ ಲೆಕ್ಕ, ಅಲ್ಲಿಂದ ಬಂದ ಎಷ್ಟೋ ಕುಟುಂಬಗಳು ಸೆರೆಮನೆಯಲ್ಲಿ ಕೊಳೆತದ್ದು ನಿನ್ನೆ ಮೊನ್ನೆಯ ಮಾತು. ಅಲ್ಲಿಯವರೆಗೆ ಕಿತೇರಿಯಳನ್ನು ಒಲೆಯ ಪಕ್ಕದ ಪಾತ್ರೆಯೊಂದರಂತೆ ನೋಡಿದ್ದ ಮನುಷ್ಯ ಈಗ ಅಡಿಯಿಂದ ಮುಡಿಯವರೆಗೆ ನೋಡಿದ. ನಗು ಮುಖದಲ್ಲೇ ಇತ್ತು, ಕಣ್ಣಿನಲ್ಲಿ ಇರಲಿಲ್ಲ.

ಕಿತೇರಿಯಳ ನಾಲಿಗೆಯ ತುದಿಗೆ ಬ್ಲಾಸ್ ಎಂಬ ಹೆಸರು ಬಂತು. ಅದೊಂದು ಹೆಸರು, ಆ ಊರಿನ ಹೆಸರು, ಹಳದಿ ನಿಲುವಂಗಿ, ಇಷ್ಟು ಹೇಳಿದರೆ ಈ ಮನುಷ್ಯನ ಕಣ್ಣು ಅವಳಿಂದ ಅವನ ಕಡೆಗೆ ತಿರುಗುತ್ತಿತ್ತು. ಆದರೆ ಹಾಗೆ ತಿರುಗಿದರೆ ನಾಳೆ ಬೆಳಿಗ್ಗೆ ಅಡುಗೆಮನೆ ಬಾಗಿಲು ತೆರೆಯುವುದಿಲ್ಲ. ಬ್ಲಾಸನ ಮರಿಮಗಳಿಗೆ ಯಾರೂ ರೊಟ್ಟಿ ಕೊಡುವುದಿಲ್ಲ.

"ಹೌದು, ನಾನೇ ತೆಗೆದದ್ದು," ಅಂದಳು. "ನೀವು ಹೇಳಿದಿರಿ, ತೆಗೆದೆ."

ಡಾನ್ ಲಿಯಾಂದ್ರೊ ನಶ್ಯ ಏರಿಸಿದ, ಸೀನಿದ, ಬಾಯಿ ಒರೆಸಿಕೊಂಡ. ಮೇಜಿನ ಮೇಲೆ ನಿಜವಾದ ತುಂಡು ಬಿದ್ದಿತ್ತು. ಚಾಕು ತೆಗೆದುಕೊಂಡು ಹೆಬ್ಬೆರಳಷ್ಟು ದಪ್ಪದ ಒಂದು ಸೀಳು ಕೊಯ್ದು, ಚಾಕುವಿನ ಮೊನೆಗೆ ಚುಚ್ಚಿ ಅವಳ ಮುಂದೆ ಹಿಡಿದ.

"ನಾಳೆಯಿಂದ ಉಪವಾಸ ತಾಯಿ. ಇವತ್ತು ಊರೇ ಮಾಂಸ ತಿಂತಿದೆ. ನೀವೂ ತಿನ್ನಿ."

ಅವಳು ತೆಗೆದುಕೊಂಡಳು. ನಾಲ್ಕು ವರ್ಷದ ಕೊಬ್ಬು ಹಲ್ಲಿಗೆ ಮೇಣದಂತೆ ಅಂಟಿತು. ಬಾಯಿ ತುಂಬ ಕಮಟು, ಗಂಟಲಲ್ಲಿ ಉಪ್ಪಿನ ಉರಿ. ಎರಡು ದಿನದಿಂದ ನೀರು ಬಿಟ್ಟು ಏನೂ ಕಾಣದ ಹೊಟ್ಟೆ ಅದನ್ನು ಕಂಡು ಮೇಲಕ್ಕೆ ಒದ್ದಿತು. ಈಗ ಉಗುಳಿದರೆ ಎಲ್ಲಾ ಮುಗಿಯಿತು. ಅವಳು ಅಗಿದಳು, ನುಂಗಿದಳು, ಮುಖದಲ್ಲಿ ಒಂದು ಗೆರೆಯೂ ಕದಲದಂತೆ ನೋಡಿಕೊಂಡಳು. ಮೂಗಿಲ್ಲದ ಆ ಮಹಾರಾಯನಿಗೆ ತಾನು ಏನು ಕೊಟ್ಟೆನೆಂದೂ ತಿಳಿದಿರಲಿಲ್ಲ.

ಹಾಸಿಗೆಯಿಂದ ಒಲಾಯ ತಲೆ ಎತ್ತಿದ್ದಳು. ತಾಯಿ ಅಗಿಯುವಾಗೆಲ್ಲ ಅವಳ ಗಂಟಲೂ ಆಡುತ್ತಿತ್ತು.

"ಅಮ್ಮಾ, ನಂಗೂ."

"ಕೊಡೋಣ ಮರಿ," ಎಂದು ಡಾನ್ ಲಿಯಾಂದ್ರೊ ಇನ್ನೊಂದು ಸೀಳು ಕೊಯ್ದು ಹಾಸಿಗೆಯ ಕಡೆ ಹೆಜ್ಜೆ ಇಟ್ಟ.

ಜನವರಿಯ ಆ ಎರಡು ದಿನ ಕಿತೇರಿಯಳ ಕಣ್ಣ ಮುಂದೆ ಬಂದವು. ಆಗ ಮಗುವಿನ ಮೈಯಲ್ಲಿ ಇನ್ನೂ ಕಸುವಿತ್ತು, ಈಗ ಏನೂ ಇರಲಿಲ್ಲ. ಈ ತುಂಡು ಹೊಟ್ಟೆಗೆ ಹೋದರೆ ನಾಳೆಯ ರೊಟ್ಟಿ ತಿನ್ನಲು ಮಗು ಇರುವುದಿಲ್ಲ. ಕೊಡಬೇಡಿ ಎಂದರೆ, ಮಗಳಿಗೆ ಹಂದಿಮಾಂಸ ತಪ್ಪಿಸಿದ ತಾಯಿ ಎಂದಾಗುತ್ತದೆ. ಯೋಚಿಸಲು ಹೊತ್ತಿರಲಿಲ್ಲ. ಅವಳು ಎರಡೇ ಹೆಜ್ಜೆಯಲ್ಲಿ ಅವನನ್ನು ದಾಟಿ, ಮಗು ಚಾಚಿದ ಕೈಯ ಮುಂದಿನಿಂದ ಆ ತುಂಡನ್ನು ಕಿತ್ತುಕೊಂಡು ಬಾಯಿಗೆ ತುರುಕಿಕೊಂಡಳು. ಕೆನ್ನೆ ಉಬ್ಬುವ ಹಾಗೆ, ಸದ್ದು ಮಾಡುತ್ತ, ಹೊಟ್ಟೆಬಾಕಿಯ ಹಾಗೆ ತಿಂದಳು. ಬೆರಳನ್ನೂ ನೆಕ್ಕಿದಳು. ಮತ್ತೆ ತುಂಡಿನ ಕಡೆ ಕೈಚಾಚಿ, ಇನ್ನೊಂದು ಕೊಯ್ದುಕೊಡಿ ಎಂದಳು.

ಡಾನ್ ಲಿಯಾಂದ್ರೊ ಒಂದು ಕ್ಷಣ ಬೆರಗಾಗಿ ನಿಂತ, ಆಮೇಲೆ ಹೊಟ್ಟೆ ಕುಲುಕಿಸಿ ನಕ್ಕ.

"ಮಗೂದೂ ಬಿಡ್ಲಿಲ್ವಲ್ಲ ತಾಯಿ! ಇಂಥವಳ ಮೇಲೆ ಅನುಮಾನ ಪಡ್ತೀರಲ್ಲ ಬಾಲ್ತಸಾರ್ ಅವರೇ. ಇವರಿಂದ ಮಾಂಸ ಕಾಪಾಡ್ಕೊಳ್ಳೋಕೆ ನೀವು ಬೀಗ ಹಾಕ್ಬೇಕು."

ಕೆಳಗಿನಿಂದ ಆಳನ್ನು ಕರೆದು ಚಿತ್ರ ಎತ್ತಿಸಿದ. ತಾಮ್ರದ ಪಾತ್ರೆಯನ್ನು ಬಿಡುವಾದಾಗ ಬಂದು ಸರಿಮಾಡಿಕೊಡಿ ಎಂದ. ಪಡಿಯ ಪಟ್ಟಿಗೆ ಇವತ್ತೇ ಹೆಸರು ಬರೆಸುತ್ತೇನೆ ಎಂದು ಎರಡು ಸಲ ಹೇಳಿದ. ಇಳಿಯುವಾಗಲೂ ಅವನ ನಗು ಕೇಳುತ್ತಿತ್ತು, ಮೆಟ್ಟಿಲ ಕೆಳಗೆ ಬಸಿಲಿಸಳಿಗೆ ಆ ಕಥೆ ಆಗಲೇ ಹೇಳುತ್ತಿದ್ದ.

ಕಿತೇರಿಯ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ನೆಲದ ಮೇಲೆ ಕೂತಳು. ಕಿಟಕಿ ತೆರೆದಿತ್ತು, ವಾಂತಿಯ ಸದ್ದಾದರೆ ಬೀದಿಗೆ ಕೇಳುತ್ತಿತ್ತು. ಹಣೆಯಲ್ಲಿ ಬೆವರು ಇಳಿಯಿತು, ಕಣ್ಣಲ್ಲಿ ನೀರು ಬಂತು. ಗಾಡಿಯ ಸದ್ದು ತಿರುವಿನಲ್ಲಿ ಅಡಗುವವರೆಗೆ ಅವಳು ಹಾಗೇ ಕೂತಿದ್ದಳು.

ಬಾಲ್ತಸಾರ ಹತ್ತಿರ ಬಂದು ಮಂಡಿಯೂರಿದ. ಭುಜ ಮುಟ್ಟಲು ಹೋಗಿ ಕೈ ಹಿಂದಕ್ಕೆ ಎಳೆದುಕೊಂಡ.

"ಹೆದರಿಬಿಟ್ಟೆ ಕಣೇ. ಬಾಯಿಂದ ಹೇಗೆ ಬಂತೋ ಗೊತ್ತಿಲ್ಲ."

"ನಿಮ್ಮ ತಾತನ ಹೆಸರು ನನ್ನ ಬಾಯಲ್ಲೂ ಇತ್ತು," ಅಂದಳು ಕಿತೇರಿಯ. ದನಿ ಒಡೆದು ಬರುತ್ತಿತ್ತು. "ಅದನ್ನೂ ನುಂಗಿದೆ. ನಾಳೆಯಿಂದ ಪಡಿ ತರೋಕೆ ನಾನೇ ಹೋಗ್ತೀನಿ. ಆ ಬಾಗಿಲಲ್ಲಿ ನಿಂತು ನೀವು ಬಾಯಿ ತೆಗೆಯೋದು ಬೇಡ."

ಅವಳು ಎದ್ದು, ಗೋಡೆ ಹಿಡಿದುಕೊಂಡು ಮಗಳ ಹಾಸಿಗೆಯ ಹತ್ತಿರ ಹೋದಳು. ಒಲಾಯ ಗೋಡೆಯ ಕಡೆ ತಿರುಗಿ ಮಲಗಿದ್ದಳು. ಅಳುವಷ್ಟು ಶಕ್ತಿ ಅವಳಿಗಿರಲಿಲ್ಲ, ಬೆನ್ನು ಮಾತ್ರ ಏರಿ ಇಳಿಯುತ್ತಿತ್ತು. ನಾಳೆ ಬೆಳಿಗ್ಗೆ ಬಿಸಿ ರೊಟ್ಟಿ ತರುತ್ತೇನೆ ಪುಟ್ಟಾ, ಪೂರ್ತಿ ನಿನಗೇ, ಯಾರಿಗೂ ಕೊಡಬೇಡ ಎಂದು ಕಿತೇರಿಯ ಅವಳ ಕಿವಿಯ ಹತ್ತಿರ ಹೇಳಿದಳು. ಹೇಳಿ ಕೂದಲು ನೇವರಿಸಲು ಹೋದಳು. ಕೊಬ್ಬಿನ ವಾಸನೆ ಇನ್ನೂ ಆರದ ಆ ಬೆರಳುಗಳನ್ನು ಮಗು ತಲೆ ಒದರಿ ಸರಿಸಿತು.

"ನೀನು ತರಲ್ಲ. ದಾರೀಲೇ ತಿಂದ್ಬಿಡ್ತೀಯ," ಅಂದಿತು.

ಕಿತೇರಿಯ ಹಾಸಿಗೆಯ ಅಂಚಿನಲ್ಲಿ ಕೂತು ಬೆಳಗಾಗುವುದನ್ನು ಕಾದಳು.